ಲಿಫ್ಟಿನಿಂದ ನೇರ ಚೆಂಡಾಟಕ್ಕೆ: ನಾಯಿಗೂ ಓಟಕ್ಕೆ ಮೊದಲು ಮೈ ಬಿಸಿ ಮಾಡಿಸಬೇಕೇ?

ಏಳನೇ_ಮಹಡಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐದು ವರ್ಷದ ಲ್ಯಾಬ್ರಡಾರ್ ಹೆಣ್ಣು ನಾಯಿ ಇದೆ, ಹೆಸರು ಬೆಳ್ಳಿ. ಬೆಳಗ್ಗೆ ಲಿಫ್ಟಿನಲ್ಲಿ ಕೆಳಗಿಳಿದು ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ನಿವೇಶನದಲ್ಲಿ ಚೆಂಡು ಎಸೆಯುವುದು ನಮ್ಮ ರೂಢಿ. ಚಳಿ ಶುರುವಾದಾಗಿನಿಂದ ಆಟ ಮುಗಿಸಿ ಬಂದು ಮಲಗಿ ಎದ್ದರೆ ಒಂದು ಹಿಂಗಾಲನ್ನು ಊರಲು ಹಿಂಜರಿಯುತ್ತಾಳೆ. ನಾಲ್ಕು ಹೆಜ್ಜೆ ನಡೆದ ಮೇಲೆ ಸರಿಹೋಗುತ್ತದೆ. ಪಶುವೈದ್ಯರು ನೋಡಿ, ಕೀಲು ಮೂಳೆ ಚೆನ್ನಾಗಿವೆ, ತೊಡೆಯ ಸ್ನಾಯು ಉಳುಕಿದೆ, ಎರಡು ವಾರ ಓಡಿಸಬೇಡಿ ಎಂದರು. ಇನ್ನು ಮುಂದೆ ಆಟಕ್ಕೆ ಮೊದಲು ವಾರ್ಮ್ ಅಪ್ ಮಾಡಿಸಿ ಎಂದೂ ಹೇಳಿದರು. ಹೇಗೆ ಎಂದು ಕೇಳುವಷ್ಟರಲ್ಲಿ ಮುಂದಿನವರು ಬೆಕ್ಕು ಹಿಡಿದುಕೊಂಡು ಒಳಗೆ ಬಂದಾಗಿತ್ತು.

ನಮ್ಮ ಮಾವನವರಿಗೆ ಈ ಮಾತು ಒಪ್ಪಿಗೆಯಿಲ್ಲ. "ಊರಿನಲ್ಲಿ ನಾಯಿಗೆ ಯಾರು ಕಸರತ್ತು ಮಾಡಿಸುತ್ತಿದ್ದರು?" ಎನ್ನುತ್ತಾರೆ. ಇದು ನಿಜಕ್ಕೂ ಬೇಕಾದದ್ದೇ? ಬೇಕಿದ್ದರೆ ಎಷ್ಟು ಹೊತ್ತು, ಏನೇನು ಮಾಡಿಸಬೇಕು? ಮಾಡಿಸುತ್ತಿರುವವರು ದಯವಿಟ್ಟು ತಿಳಿಸಿ.

ತುಂಗಾತೀರ
ನಿಮ್ಮ ಮಾವನವರ ಮಾತೇ ಸರಿ. ನಮ್ಮ ಬೀದಿಯ ನಾಯಿಗಳು ನಿದ್ದೆಯಿಂದ ಎದ್ದು ನೇರವಾಗಿ ಬೈಕಿನ ಹಿಂದೆ ಓಡುತ್ತವೆ. ಯಾವುದೂ ಕುಂಟುವುದಿಲ್ಲ. ಇದೆಲ್ಲ ನಗರದವರು ಹಣ ಖರ್ಚು ಮಾಡಲು ಕಂಡುಕೊಂಡ ದಾರಿ.

ಚಿಕ್ಕಪೇಟೆ_ಚಿನ್ನು
ತುಂಗಾತೀರದವರೇ, ಅದೇ ಬೀದಿ ನಾಯಿಯನ್ನು ನಾಳೆ ಬೆಳಗ್ಗೆ ನಿಂತು ನೋಡಿ. ಎದ್ದ ಕೂಡಲೇ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿ, ಆಮೇಲೆ ಒಂದೊಂದೇ ಹಿಂಗಾಲನ್ನು ಹಿಂದಕ್ಕೆ ಚಾಚಿ, ಆಕಳಿಸಿ, ಮೈ ಕೊಡವಿಕೊಳ್ಳುತ್ತದೆ. ಅದು ತಾನೇ ಮೈ ಮುರಿದುಕೊಳ್ಳುತ್ತದೆ. ಆಮೇಲೂ ದಿನವಿಡೀ ಮೂಸುತ್ತ ಅಡ್ಡಾಡುತ್ತಲೇ ಇರುತ್ತದೆ. ರಾತ್ರಿಯೆಲ್ಲ ಸೋಫಾದ ಮೇಲೆ ಮಲಗಿ, ಲಿಫ್ಟಿನಲ್ಲಿ ನಿಂತು ಇಳಿದು, ಬಾಗಿಲು ತೆರೆದ ಕ್ಷಣದಲ್ಲೇ ಬಾಣದಂತೆ ಬಿಡುವ ನಾಯಿಯ ಕಥೆ ಬೇರೆ.

ಯಾವುದೂ ಕುಂಟುವುದಿಲ್ಲ ಎಂಬುದನ್ನಂತೂ ನಾನು ಒಪ್ಪುವುದಿಲ್ಲ. ಮೂರು ಕಾಲಿನಲ್ಲಿ ನಡೆಯುವ ಬೀದಿ ನಾಯಿ ಇಲ್ಲದ ಬಡಾವಣೆ ನಮ್ಮಲ್ಲಿ ಯಾವುದಿದೆ? ಎಲ್ಲವೂ ವಾಹನ ಬಡಿದದ್ದಲ್ಲ.

ದನಕರು_ಡಾಕ್ಟರ್
ಹುಬ್ಬಳ್ಳಿಯಲ್ಲಿ ಪಶುವೈದ್ಯನಾಗಿದ್ದೇನೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಚಿಕಿತ್ಸಾಲಯದಲ್ಲಿ ಇದನ್ನು ಹೇಳಲು ಸಮಯವೇ ಸಿಗುವುದಿಲ್ಲ.

ನಾಯಿಯ ಮೈ ಹೇಗಿದ್ದರೂ ನಮ್ಮದಕ್ಕಿಂತ ಬಿಸಿ. 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಸಹಜ. ಇಲ್ಲಿ ಬಿಸಿ ಎನ್ನುವುದು ಸ್ನಾಯುವಿನ ಒಳಗಿನ ಬಿಸಿಯನ್ನು. ಮಲಗಿದ್ದಾಗ ಕಾಲಿನ ಸ್ನಾಯುಗಳಿಗೆ ರಕ್ತ ಕಡಿಮೆ ಹೋಗುತ್ತದೆ. ನಡೆಯತೊಡಗಿದ ಮೇಲೆ ಹರಿವು ಹೆಚ್ಚಿ, ಸ್ನಾಯು ಬೆಚ್ಚಗಾಗಿ, ರಕ್ತದಿಂದ ಆಮ್ಲಜನಕ ಸುಲಭವಾಗಿ ಅದಕ್ಕೆ ಇಳಿಯುತ್ತದೆ. ಕೀಲುಗಳೊಳಗಿನ ದ್ರವ ಚಲನೆಯಿಂದ ತೆಳುವಾಗಿ ಎಲ್ಲ ಕಡೆ ಹರಡುತ್ತದೆ. ಚಳಿಯಲ್ಲಿ ಹೆಪ್ಪುಗಟ್ಟಿದ ತುಪ್ಪವನ್ನು ಕೈಯಲ್ಲಿ ಉಜ್ಜಿದಾಗ ಆಗುವಂತೆ. ತಣ್ಣಗಿರುವ ಸ್ನಾಯು ಒಮ್ಮೆಗೇ ಪೂರ್ತಿ ಎಳೆತಕ್ಕೆ ಸಿಕ್ಕಾಗ ಅದರ ಎಳೆಗಳು ಹರಿಯುತ್ತವೆ. ಬೆಳ್ಳಿಗೆ ಆಗಿರುವುದೂ ಹೆಚ್ಚುಕಡಿಮೆ ಅದೇ ಇರಬೇಕು.

ಮಾಡಿಸುವುದು ಹೀಗೆ. ಮೊದಲು ಐದು ನಿಮಿಷ ಸಡಿಲ ಹಗ್ಗದಲ್ಲಿ ನಡಿಗೆ. ಮಲಮೂತ್ರವೂ ಆಗಲೇ ಮುಗಿಯಲಿ. ಆಮೇಲೆ ಬಿರುಸು ನಡಿಗೆ, ಅದರಿಂದ ಸಣ್ಣ ಓಟ, ಎರಡು ಮೂರು ನಿಮಿಷ. ನಂತರ ಎರಡು ಕಂಬ ಅಥವಾ ಎರಡು ಗಿಡಗಳ ನಡುವೆ ಇಂಗ್ಲಿಷಿನ 8ರ ಅಂಕಿಯಂತೆ ಸುತ್ತಿಸಿ. ಎಡಕ್ಕೂ ತಿರುಗಬೇಕು, ಬಲಕ್ಕೂ ತಿರುಗಬೇಕು. ಕೂರು, ಏಳು ಎಂದು ನಾಲ್ಕೈದು ಸಲ. ಕೈಯಲ್ಲಿ ತಿಂಡಿ ಹಿಡಿದು ಅದರ ಮೂತಿಯನ್ನು ಭುಜದ ಕಡೆಗೆ, ಪಕ್ಕೆಯ ಕಡೆಗೆ, ಕೊನೆಗೆ ಮುಂಗಾಲುಗಳ ನಡುವೆ ಕೆಳಗೆ ತನ್ನಿ. ನಾಯಿ ತಾನಾಗಿಯೇ ಬಾಗಬೇಕು, ನೀವು ಕಾಲು ಹಿಡಿದು ಎಳೆಯಬಾರದು. ಒಟ್ಟು ಹತ್ತು ನಿಮಿಷ ಸಾಕು. ಚಳಿಗಾಲದಲ್ಲಿ ಇನ್ನೈದು ಸೇರಿಸಿ. ಆಟ ಮುಗಿದ ಮೇಲೆ ಏದುಸಿರು ಇಳಿಯುವವರೆಗೆ ನಿಧಾನವಾಗಿ ನಡೆಸಿ, ಆಮೇಲೆಯೇ ಮನೆಗೆ.

ಹನಿಹನಿ
ಕಾಲು ಎಳೆಯಬೇಡಿ ಎಂದದ್ದಕ್ಕೆ ಧನ್ಯವಾದ ಡಾಕ್ಟರೇ. ನಮ್ಮ ಉದ್ಯಾನದಲ್ಲಿ ಒಬ್ಬರು ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಪಗ್ ನಾಯಿಯ ಹಿಂಗಾಲನ್ನು ಹಿಡಿದು ಚಾಚುತ್ತಾರೆ. ಅದು ಅರಚುತ್ತದೆ.

ದನಕರು_ಡಾಕ್ಟರ್
ಅವರಿಗೆ ನಿಲ್ಲಿಸಲು ಹೇಳಿ. ಕೈಯಿಂದ ಚಾಚುವ ಕೆಲಸ ಶಸ್ತ್ರಚಿಕಿತ್ಸೆಯ ನಂತರ, ಅದೂ ಕಲಿತವರಿಂದ, ಬೆಚ್ಚಗಿರುವ ಸ್ನಾಯುವಿನ ಮೇಲೆ ಮಾತ್ರ.

ಘಟಪ್ರಭಾ
ಮುಧೋಳದ ಹತ್ತಿರದ ಊರಿನವನು. ನಮ್ಮ ಕಡೆಯ ಬೇಟೆ ನಾಯಿಯ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬೆಂಬುದೇ ಇಲ್ಲ, ಕೂದಲು ಗಿಡ್ಡ, ಚರ್ಮ ತೆಳು. ಡಿಸೆಂಬರ್ ಬೆಳಗಿನಲ್ಲಿ ನಡುಗುತ್ತ ನಿಂತಿರುತ್ತದೆ. ಆದರೆ ಏನಾದರೂ ಓಡುವುದು ಕಣ್ಣಿಗೆ ಬಿದ್ದರೆ ಸಾಕು, ಎರಡು ನೆಗೆತದಲ್ಲಿ ಪೂರ್ತಿ ವೇಗಕ್ಕೆ ಏರುತ್ತದೆ. ಇಂಥ ನಾಯಿಯನ್ನು ದಿನವಿಡೀ ಚೈನಿನಲ್ಲಿ ಕಟ್ಟಿ ಸಂಜೆ ಒಮ್ಮೆಗೇ ಬಿಚ್ಚಿದರೆ ಅದರ ತೊಡೆ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಹೊಲದ ಬದುವಿನವರೆಗೆ ಕೈಯಲ್ಲೇ ಹಿಡಿದುಕೊಂಡು ನಡೆಸುತ್ತೇವೆ, ಬದು ಮುಟ್ಟಿದ ಮೇಲೆಯೇ ಬಿಡುವುದು. ತಂದೆಯವರು ಇದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ, ಆದರೆ ತಪ್ಪದೆ ಮಾಡುತ್ತಿದ್ದರು. ಊರಿನಲ್ಲಿ ಯಾರೂ ಮಾಡಿಸುತ್ತಿರಲಿಲ್ಲ ಎನ್ನುವ ಹಿರಿಯರಿಗೆ ಇದನ್ನು ತಿಳಿಸಿ.

ನೀಲಿಬೆಟ್ಟ
ಮುಧೋಳ ನಾಯಿಯ ಅಂಚೆಚೀಟಿ ನನ್ನ ಸಂಗ್ರಹದಲ್ಲಿದೆ! 2005ರದ್ದು. ಜೊತೆಗೆ ರಾಜಪಾಳಯಂ, ರಾಂಪುರ ಮತ್ತು ಹಿಮಾಲಯದ ಕುರಿನಾಯಿ. ಘಟಪ್ರಭಾ ಅವರೇ, ಮರಿ ಬೇಕಿದ್ದರೆ ಎಲ್ಲಿ ವಿಚಾರಿಸಬೇಕು?

ಘಟಪ್ರಭಾ
ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. 2016ರಲ್ಲಿ ಸೇನೆಯವರು ಮೀರತ್‌ನಲ್ಲಿ ತರಬೇತಿ ಕೊಡಲು ಒಯ್ದದ್ದೂ ಈ ತಳಿಯನ್ನೇ. ಆದರೆ ಒಂದು ಮಾತು ಅಣ್ಣಾ, ಎರಡು ಕೋಣೆಯ ಮನೆಗೆ ಈ ನಾಯಿ ಬೇಡ. ಓಡಲು ಬೇಲಿ ಹಾಕಿದ ಜಾಗ ಇದ್ದರೆ ಮಾತ್ರ ತನ್ನಿ. ಮೊಲದ ಬೇಟೆಯ ಆಸೆಯೂ ಬೇಡ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಲೆಕ್ಕಪತ್ರ
ಡಾಕ್ಟರೇ, ನೀವು ಹೇಳಿದ ಕಾರಣಗಳು ಕೇಳಲು ಸರಿಯಾಗಿವೆ. ಆದರೆ ವಾರ್ಮ್ ಅಪ್ ಮಾಡಿಸಿದ ನಾಯಿಗಳಿಗೆ ಗಾಯ ಕಡಿಮೆ ಆಗುತ್ತದೆ ಎಂದು ನಾಯಿಗಳಲ್ಲೇ ತೋರಿಸಿದ ಪುರಾವೆ ತೀರಾ ತೆಳುವಾಗಿದೆ. ಹೆಚ್ಚಿನದೆಲ್ಲ ಮನುಷ್ಯರಿಂದ ಮತ್ತು ಕುದುರೆಗಳಿಂದ ತಂದ ಎರವಲು. ಇದನ್ನೂ ಹೇಳಬೇಕಲ್ಲವೇ?

ನಾಯಿಯ ಕೀಲಿಗೆ ಗಟ್ಟಿ ಪುರಾವೆ ಇರುವುದು ತೂಕದ ವಿಷಯದಲ್ಲಿ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅವನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಆಹಾರ. ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಸಂಧಿವಾತವೂ ಅವಕ್ಕೆ ತಡವಾಗಿ ಬಂತು. ಬೆಳ್ಳಿಯ ತೂಕ ಎಷ್ಟು ಎಂದು ಇಲ್ಲಿ ಯಾರೂ ಕೇಳಲೇ ಇಲ್ಲ.

ಏಳನೇ_ಮಹಡಿ
36 ಕಿಲೋ.

ದನಕರು_ಡಾಕ್ಟರ್
ಲೆಕ್ಕಪತ್ರದವರ ಪ್ರಶ್ನೆ ನ್ಯಾಯವಾದದ್ದು. ನಾಯಿಗಳಲ್ಲಿ ಅಧ್ಯಯನ ಕಡಿಮೆ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಸ್ನಾಯು ಕೆಲಸ ಮಾಡುವ ರೀತಿ ಕುದುರೆಗೊಂದು ನಾಯಿಗೊಂದು ಇಲ್ಲ. ಹತ್ತು ನಿಮಿಷದ ನಡಿಗೆಯಿಂದ ನಾಯಿಗೆ ಹಾನಿಯೂ ಇಲ್ಲ, ನಿಮಗೆ ಖರ್ಚೂ ಇಲ್ಲ. ಪುರಾವೆ ಬರುವವರೆಗೆ ಕಾಯುತ್ತ ತಣ್ಣಗಿನ ನಾಯಿಯನ್ನು ಓಡಿಸು ಎಂದು ನಾನಂತೂ ಯಾರಿಗೂ ಹೇಳಲಾರೆ.

ತೂಕದ ವಿಷಯದಲ್ಲಿ ನಾನು ಅವರ ಪರ. ಹೆಣ್ಣು ಲ್ಯಾಬ್ರಡಾರ್ ಸಾಮಾನ್ಯವಾಗಿ 25ರಿಂದ 32 ಕಿಲೋ ಇರುತ್ತದೆ. ಪಕ್ಕೆಯ ಮೇಲೆ ಹಗುರವಾಗಿ ಕೈಯಾಡಿಸಿ. ಒತ್ತದೆ ಎಲುಬು ಕೈಗೆ ಸಿಗಬೇಕು. ಸಿಗದಿದ್ದರೆ ಊಟ ಕಡಿಮೆ ಮಾಡಿ. ವಾರ್ಮ್ ಅಪ್‌ಗೆ ಕೊಡುವ ತಿಂಡಿಯನ್ನೂ ದಿನದ ಊಟದ ಲೆಕ್ಕದಿಂದಲೇ ತೆಗೆಯಿರಿ.

ಬಸವನಗುಡಿ_ಬಾಲ್ಕನಿ
ಕುಂಟಿದ ದಿನ ಅರ್ಧ ಪ್ಯಾರಾಸಿಟಮಾಲ್ ಹಾಕಿ ಬೆಲ್ಲದ ಜೊತೆ ಕೊಟ್ಟರೆ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಕೊಡುತ್ತಿದ್ದೆವು.

ದನಕರು_ಡಾಕ್ಟರ್
ಕೊಡಬೇಡಿ. ದಯವಿಟ್ಟು ಯಾರೂ ಕೊಡಬೇಡಿ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ನಾಯಿಯ ಯಕೃತ್ತನ್ನೂ ರಕ್ತವನ್ನೂ ಕೆಡಿಸುತ್ತದೆ. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಬೆಕ್ಕಿಗಂತೂ ಪ್ಯಾರಾಸಿಟಮಾಲಿನ ಚೂರೂ ಪ್ರಾಣಕ್ಕೆ ಸಂಚಕಾರ. ನಾಯಿಗೆಂದೇ ನೋವಿನ ಔಷಧಗಳಿವೆ, ತೂಕ ನೋಡಿ ವೈದ್ಯರು ಕೊಡುತ್ತಾರೆ. ಇನ್ನೊಂದು ಅಪಾಯ: ನೋವು ಮರೆತ ನಾಯಿ ಮತ್ತೆ ಓಡುತ್ತದೆ, ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ.

ಬಸವನಗುಡಿ_ಬಾಲ್ಕನಿ
ತಿಳಿಸಿದ್ದಕ್ಕೆ ಧನ್ಯವಾದ. ಇನ್ನು ಕೊಡುವುದಿಲ್ಲ.

ನಿವೃತ್ತ_ಶ್ವಾನದಳ
ಪೊಲೀಸ್ ಶ್ವಾನದಳದಲ್ಲಿ ಬಹಳ ಕಾಲ ನಾಯಿ ಹಿಡಿದವನು ನಾನು. ಅಲ್ಲಿ ನಾಯಿಯನ್ನು ಗೂಡಿನಿಂದ ತೆಗೆದು ನೇರ ಕೆಲಸಕ್ಕೆ ಬಿಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೊದಲು ಮೈ ಉಜ್ಜುತ್ತಿದ್ದೆವು, ಆಗಲೇ ಎಲ್ಲಿ ಊತ, ಎಲ್ಲಿ ಮುಳ್ಳು, ಯಾವ ಉಗುರು ಸೀಳಿದೆ ಎಂದು ಬೆರಳಿಗೆ ತಿಳಿಯುತ್ತಿತ್ತು. ಆಮೇಲೆ ಮೈದಾನದ ಸುತ್ತ ನಡಿಗೆ. ಆಮೇಲೆ ವಿಧೇಯತೆಯ ಪಾಠ: ಪಕ್ಕದಲ್ಲಿ ನಡೆ, ಕೂರು, ಮಲಗು, ಏಳು. ಅಡೆತಡೆ ಹಾರಿಸುವುದು ಕಟ್ಟಕಡೆಗೆ, ಅದೂ ತಗ್ಗಿನ ಹಲಗೆಯಿಂದ ಆರಂಭಿಸಿ.

ಡಾಕ್ಟರ್ ಸಾಹೇಬರು ಸ್ನಾಯುವಿನ ಬಗ್ಗೆ ಹೇಳಿದರು. ನಾನು ಮನಸ್ಸಿನ ಬಗ್ಗೆ ಹೇಳುತ್ತೇನೆ. ದಿನವೂ ಒಂದೇ ಕ್ರಮದಲ್ಲಿ ಮಾಡಿಸಿದರೆ ನಾಯಿಗೆ ಮುಂದೇನು ಎಂದು ಗೊತ್ತಿರುತ್ತದೆ, ಉದ್ವೇಗ ಇಳಿಯುತ್ತದೆ, ಕಿವಿ ನಿಮ್ಮ ಕಡೆ ಇರುತ್ತದೆ. ಉದ್ವೇಗದಲ್ಲಿರುವ ನಾಯಿ ನೋವಿದ್ದರೂ ತೋರಿಸುವುದಿಲ್ಲ, ಗುಂಡಿಯಿದ್ದರೂ ನೋಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮೊದಲ ಹತ್ತು ಹೆಜ್ಜೆ ನೋಡಿ. ತಲೆ ಒಂದೇ ಕಡೆ ಮೇಲೆ ಕೆಳಗೆ ಆಡುತ್ತಿದೆಯೇ? ಸೊಂಟ ಒಂದು ಬದಿಗೆ ಹೆಚ್ಚು ಏರುತ್ತಿದೆಯೇ? ಉಗುರು ನೆಲಕ್ಕೆ ಕೆರೆಯುವ ಸದ್ದು ಬರುತ್ತಿದೆಯೇ? ಹಾಗಿದ್ದರೆ ಆ ದಿನ ನಡಿಗೆ ಮಾತ್ರ, ಓಟವಿಲ್ಲ. ಅದು ಎಷ್ಟು ಗೋಗರೆದರೂ ಇಲ್ಲ.

ಚಿಕ್ಕಪೇಟೆ_ಚಿನ್ನು
ಮೈ ಉಜ್ಜುವುದರಿಂದಲೇ ಆರಂಭಿಸುವುದು ಬಹಳ ಚೆನ್ನಾಗಿದೆ ಸರ್. ನಾಳೆಯಿಂದಲೇ.

ಎಡ್ಮಂಟನ್_ಕನ್ನಡತಿ
ಕೆನಡಾದಿಂದ. ಇಲ್ಲಿ ಜನವರಿಯಲ್ಲಿ ಕೆಲವು ಬೆಳಗ್ಗೆ ಮೈನಸ್ 20ಕ್ಕೂ ಕೆಳಗೆ. ಆಗ ಹೊರಗೆ ನಿಧಾನ ನಡಿಗೆಯಿಂದ ಆರಂಭಿಸಿದರೆ ಮೈ ಬಿಸಿಯಾಗುವ ಮೊದಲೇ ಪಾದ ಮರಗಟ್ಟುತ್ತದೆ. ಆದ್ದರಿಂದ ಮನೆಯೊಳಗೆ, ಕಾರ್ಪೆಟ್ ಇರುವ ಮೊಗಸಾಲೆಯಲ್ಲಿ ಅತ್ತಿತ್ತ ನಡೆಸಿ, ಕೂರು ಏಳು ಮಾಡಿಸಿ, ನನ್ನ ಕಾಲುಗಳ ನಡುವೆ ನುಸುಳಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿ, ಅಂಗಿ ಹಾಕಿಸಿಯೇ ಹೊರಗೆ ಕರೆದೊಯ್ಯುತ್ತೇನೆ. ಮರಳಿದ ಮೇಲೆ ಪಾದ ತೊಳೆಯಲೇಬೇಕು, ರಸ್ತೆಗೆ ಹಾಕಿದ ಉಪ್ಪು ಬೆರಳ ಸಂದಿಯಲ್ಲಿ ಉಳಿಯುತ್ತದೆ.

ಲ್ಯಾಬ್ರಡಾರ್ ಇರುವವರು ಇನ್ನೊಂದನ್ನು ತಿಳಿದಿರಿ. ತಣ್ಣೀರಿನಲ್ಲಿ ಈಜಿದ ಅಥವಾ ಮಿತಿ ಮೀರಿ ಓಡಿದ ಮರುದಿನ ಬಾಲ ಬುಡದಿಂದ ಜೋತುಬೀಳಬಹುದು. ಮುರಿದಿದೆ ಎಂದು ಗಾಬರಿಯಾಗುತ್ತದೆ. ಬಾಲದ ಸ್ನಾಯು ನೊಂದಿರುತ್ತದೆ, ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮೇಲೇಳುತ್ತದೆ.

ಕುಂದಾಪ್ರ_ಕಡಲು
ನಮ್ಮದು ತದ್ವಿರುದ್ಧ ಸಮಸ್ಯೆ. ಏಪ್ರಿಲಿನಲ್ಲಿ ಬೆಳಗ್ಗೆ ಎಂಟಕ್ಕೇ ಬೆವರು ಹರಿಯುತ್ತದೆ. ಮೊದಲೇ ಬಿಸಿಯಾಗಿರುವ ನಾಯಿಗೆ ಇನ್ನೂ ಬಿಸಿ ಮಾಡಿಸಬೇಕೇ?

ದನಕರು_ಡಾಕ್ಟರ್
ಗಾಳಿಯ ಬಿಸಿ ಬೇರೆ, ಕೆಲಸ ಮಾಡಿದ ಸ್ನಾಯುವಿನ ಬಿಸಿ ಬೇರೆ. ಸೆಕೆಯಲ್ಲಿ ಮಲಗಿದ್ದ ನಾಯಿಯ ಕೀಲೂ ಬಿಗಿದೇ ಇರುತ್ತದೆ. ನೆರಳಿನಲ್ಲಿ ಐದು ನಿಮಿಷ ನಡೆಸಿ, ಅಷ್ಟೇ ಸಾಕು. ಆದರೆ ಕರಾವಳಿಯ ಬೇಸಿಗೆಯಲ್ಲಿ ಆಟವನ್ನೇ ಸೂರ್ಯ ಹುಟ್ಟುವ ಹೊತ್ತಿಗೆ ಮುಗಿಸಿ. ನಾಯಿ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ಅದರ ದಾರಿ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ದಾರಿಯೂ ಕಟ್ಟುತ್ತದೆ. ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಮೈ ಬಿಸಿ 41 ದಾಟಿದರೆ ಅದು ಬಿಸಿಲಾಘಾತ. ನಾಲಿಗೆ ಕಡುಗೆಂಪಾಗಿ, ತೂರಾಡಿದರೆ ಮೊದಲು ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಓಡಿ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯವಕ್ಕೆ ಇದು ಬಹಳ ಬೇಗ ಆಗುತ್ತದೆ.

ತುಂಗಾತೀರ
ಸರಿ, ನಗರದ ನಾಯಿಗೆ ಬೇಕು ಎಂದೇ ಇಟ್ಟುಕೊಳ್ಳೋಣ. ಕುರಿಗಾಹಿಗಳ ನಾಯಿಗೆ? ತೋಳ ಬಂದರೆ ಅದು ಹತ್ತು ನಿಮಿಷ ನಡೆದು ಬರುತ್ತೇನೆ ಎನ್ನುತ್ತದೆಯೇ?

ಘಟಪ್ರಭಾ
ಕುರಿಗಾಹಿಗಳ ನಾಯಿ ಮಂದೆಯ ಜೊತೆ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಲೇ ಇರುತ್ತದೆ. ತೋಳ ಬಂದಾಗ ಅದರ ಮೈ ಸಿದ್ಧವಾಗಿರುತ್ತದೆ. ರಾತ್ರಿ ಬಂದರೆ ಪ್ರಾಣದ ಪ್ರಶ್ನೆ, ಉಳುಕಿದರೆ ಉಳುಕಲಿ. ನಿಮ್ಮ ಮನೆಯ ಚೆಂಡು ತೋಳವಲ್ಲವಲ್ಲ, ಹತ್ತು ನಿಮಿಷ ಕಾಯುತ್ತದೆ.

ತುಂಗಾತೀರ
ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಒಪ್ಪಿದೆ.

ಕಾಫಿಹೂವು
ಮೂಡಿಗೆರೆಯಿಂದ. ನಮ್ಮ ನಾಯಿಗಳು ತೋಟದಲ್ಲಿ ಇಳಿಜಾರು ಹತ್ತಿಳಿಯುವುದರಲ್ಲೇ ಮೈ ಪಳಗಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ನಮ್ಮ ಚಿಂತೆ ಇಂಬಳದ್ದು, ಅಂದರೆ ರಕ್ತ ಹೀರುವ ಜಿಗಣೆಯದ್ದು. ಮೊನ್ನೆ ಒಂದರ ಮೂಗಿನೊಳಗೇ ಹೊಕ್ಕಿತ್ತು, ಸೀನಿ ಸೀನಿ ರಕ್ತ. ಹೊರಗೆ ಕಾಣಲೂ ಇಲ್ಲ.

ಹನಿಹನಿ
ಅಯ್ಯೋ, ಆಮೇಲೆ ಏನು ಮಾಡಿದಿರಿ?

ಕಾಫಿಹೂವು
ಬಾಯಾರಿಸಿ, ಮೂಗಿನ ಮುಂದೆ ತಣ್ಣೀರಿನ ಬಟ್ಟಲು ಹಿಡಿದು ಕೂತೆವು. ಇಂಬಳ ನೀರಿಗೆ ತಲೆ ಹೊರಹಾಕಿದಾಗ ವೈದ್ಯರು ಇಕ್ಕಳದಲ್ಲಿ ಹಿಡಿದು ತೆಗೆದರು. ಉಪ್ಪು, ಸುಣ್ಣ ಮೂಗಿಗೆ ಹಾಕಲೇಬೇಡಿ.

ಲೆಕ್ಕಪತ್ರ
ವಿಷಯಕ್ಕೆ ಮರಳೋಣ. ಚೆಂಡಾಟದ ಬಗ್ಗೆಯೇ ನನಗೆ ತಕರಾರು ಇದೆ. ನೀವು ಎಷ್ಟೇ ಮೈ ಬಿಸಿ ಮಾಡಿಸಿ, ಪ್ಲಾಸ್ಟಿಕ್ ಕೋಲಿನಿಂದ ದೂರಕ್ಕೆ ಎಸೆದ ಪುಟಿಯುವ ಚೆಂಡನ್ನು ನಾಯಿ ಗಾಳಿಯಲ್ಲಿ ಹಾರಿ, ತಿರುಚಿಕೊಂಡು, ಹಿಂಗಾಲಿನ ಮೇಲೆ ಬೀಳುತ್ತದೆ. ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು (ಲಿಗಮೆಂಟ್) ಇಂಥ ತಿರುವಿನಲ್ಲಿ ಹರಿಯಬಹುದು.

ನಿವೃತ್ತ_ಶ್ವಾನದಳ
ಒಪ್ಪುತ್ತೇನೆ. ಚೆಂಡನ್ನು ನೆಲದ ಮೇಲೆ ಉರುಳಿಸಿ. ಅದು ನಿಂತ ಮೇಲೆಯೇ ನಾಯಿಯನ್ನು ಬಿಡಿ, ನೇರವಾಗಿ ಹೋಗಿ ಎತ್ತಿಕೊಂಡು ಬರುತ್ತದೆ. ಇನ್ನೂ ಒಳ್ಳೆಯದೆಂದರೆ ಹುಲ್ಲಿನಲ್ಲಿ ಅಡಗಿಸಿಟ್ಟು ಹುಡುಕಿಸುವುದು. ಮೂಗಿನ ಕೆಲಸದಿಂದ ನಾಯಿ ದಣಿಯುವಷ್ಟು ಓಟದಿಂದಲೂ ದಣಿಯುವುದಿಲ್ಲ.

ರಾಗಿಮುದ್ದೆ_ರಾಜ
ನಾಲ್ಕು ತಿಂಗಳ ಜರ್ಮನ್ ಶೆಫರ್ಡ್ ಮರಿ. ಬೆಳಗ್ಗೆ ರಾಗಿ ಗಂಜಿ ಕುಡಿಸಿ ನನ್ನ ಜೊತೆ ಜಾಗಿಂಗಿಗೆ ಕರೆದೊಯ್ಯಬಹುದೇ? ವಾರ್ಮ್ ಅಪ್ ಮಾಡಿಸಿದರೆ ತೊಂದರೆ ಇಲ್ಲವಲ್ಲ?

ದನಕರು_ಡಾಕ್ಟರ್
ವಾರ್ಮ್ ಅಪ್ ಮಾಡಿಸಿದರೂ ಬೇಡ. ದೊಡ್ಡ ತಳಿಗಳಲ್ಲಿ ಮೂಳೆಯ ಬೆಳವಣಿಗೆಯ ತುದಿಗಳು ಗಟ್ಟಿಯಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಗಟ್ಟಿ ರಸ್ತೆಯಲ್ಲಿ ನಿಮ್ಮ ವೇಗಕ್ಕೆ ಓಡಿಸಬಾರದು. ಅದು ತಾನಾಗಿ ಮಣ್ಣಿನಲ್ಲಿ ಆಡಿ, ತಾನಾಗಿ ಮಲಗಲಿ. ಮನೆಯಲ್ಲಿ ನುಣುಪು ಟೈಲ್ಸ್ ಇದ್ದರೆ ಜಮಖಾನ ಹಾಸಿ, ಜಾರಿ ಜಾರಿ ಸೊಂಟದ ಕೀಲು ಕೆಡುತ್ತದೆ.

ಊಟದ ಮಾತು ಇನ್ನೂ ಮುಖ್ಯ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್, ಮುಧೋಳದಂಥ ಆಳವಾದ ಎದೆಯ ನಾಯಿಗಳು ಹೊಟ್ಟೆ ತುಂಬ ತಿಂದು ಓಡಿದರೆ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಊಟಕ್ಕೂ ಓಟಕ್ಕೂ ನಡುವೆ ಎರಡು ಗಂಟೆ ಬಿಡಿ.

ಏಳನೇ_ಮಹಡಿ
ಎಲ್ಲರಿಗೂ ಧನ್ಯವಾದಗಳು. ಎರಡು ವಾರ ಮುಗಿದು ವೈದ್ಯರು ಮತ್ತೆ ನೋಡಿ ಒಪ್ಪಿಗೆ ಕೊಟ್ಟರು. ಊಟ ಕಡಿಮೆ ಮಾಡಿದ್ದೇವೆ. ಮೈ ಉಜ್ಜಿ, ಬಡಾವಣೆಗೆ ಒಂದು ಸುತ್ತು ನಡೆಸುತ್ತಿದ್ದೇವೆ, ಮಾವನವರೇ ಕರೆದೊಯ್ಯುತ್ತಾರೆ. ಒಂದೇ ತೊಡಕು: ಜೇಬಿನಲ್ಲಿ ಚೆಂಡು ಇದೆ ಎಂದು ಗೊತ್ತಾದರೆ ಬೆಳ್ಳಿ ನಡೆಯುವುದೇ ಇಲ್ಲ, ಜೇಬನ್ನೇ ನೋಡುತ್ತ ಹಾರುತ್ತಾಳೆ.

ನಿವೃತ್ತ_ಶ್ವಾನದಳ
ಚೆಂಡನ್ನು ಜೇಬಿನಲ್ಲಿ ಒಯ್ಯಬೇಡಿ. ಮೊದಲೇ ಹೋಗಿ ನಿವೇಶನದ ಮೂಲೆಯಲ್ಲಿ ಎತ್ತರಕ್ಕೆ ಇಟ್ಟು ಬನ್ನಿ. ನಡಿಗೆ, ಸುತ್ತು, ಕೂರು ಏಳು ಮುಗಿದ ಮೇಲೆಯೇ ಕೈಗೆ ತೆಗೆದುಕೊಳ್ಳಿ. ನಡಿಗೆ ಮುಗಿದರೇ ಚೆಂಡು ಎಂಬುದನ್ನು ಲ್ಯಾಬ್ರಡಾರ್ ಬೇಗ ಕಲಿಯುತ್ತದೆ.

ನೀಲಿಬೆಟ್ಟ
ಡಾಕ್ಟರೇ, ಇದನ್ನೆಲ್ಲ ಓದಿದ ಮೇಲೆ ಒಂದು ಅನುಮಾನ. ನಮ್ಮ ರಾಟ್‌ವೈಲರ್ ಈಚೆಗೆ ಕೂರುವಾಗ ಒಂದು ಹಿಂಗಾಲನ್ನು ಮಡಿಸದೆ ಪಕ್ಕಕ್ಕೆ ಚಾಚಿ ಕೂರುತ್ತಾನೆ. ಕುಂಟುವುದಿಲ್ಲ. ವಾರ್ಮ್ ಅಪ್ ಮಾಡಿಸಿದರೆ ಸರಿಹೋಗುತ್ತದೆಯೇ?

ದನಕರು_ಡಾಕ್ಟರ್
ಇದು ವಾರ್ಮ್ ಅಪ್‌ನಿಂದ ಹೋಗುವುದಲ್ಲ, ತಡಮಾಡಬೇಡಿ. ಮಂಡಿ ಮಡಿಸಲು ನೋವಾದಾಗ ನಾಯಿ ಹಾಗೆ ಕೂರುತ್ತದೆ, ಅಸ್ಥಿರಜ್ಜು ಹರಿಯತೊಡಗಿರಬಹುದು. ರಾಟ್‌ವೈಲರ್‌ಗಳಲ್ಲಿ ಇದು ಹೆಚ್ಚು. ಈ ವಾರವೇ ತೋರಿಸಿ, ಮಂಡಿ ಮುಂದೆ ಹಿಂದೆ ಜಾರುತ್ತದೆಯೇ ಎಂದು ಕೈಯಿಂದ ಪರೀಕ್ಷಿಸಲು ಕೇಳಿ, ಎಕ್ಸ್‌ರೇ ತೆಗೆಸಿ. ಅಲ್ಲಿಯವರೆಗೆ ಮೂತ್ರಕ್ಕೆ ಮಾತ್ರ ಹಗ್ಗದಲ್ಲಿ ಕರೆದೊಯ್ಯಿರಿ. ಮೆಟ್ಟಿಲು ಬೇಡ, ಸೋಫಾ ಹತ್ತುವುದೂ ಬೇಡ. ವರದಿ ಬಂದ ಮೇಲೆ ಇಲ್ಲೇ ಬರೆಯಿರಿ.

ನೀಲಿಬೆಟ್ಟ
ನಾಳೆ ಬೆಳಗ್ಗೆಯೇ ಹೋಗುತ್ತೇವೆ.